ಆ ಒಂದು ಪ್ರಶ್ನೆ ಕೇಳಲು ಕಲಿಯೋಣ

ಬದುಕು ಬೇಡವೆನಿಸಿದವರು ಮೊದಲು ಹೋಗುವುದು ಮನೋವೈದ್ಯರ ಬಳಿಗಲ್ಲ. ಹಾಸ್ಟೆಲ್‌ನಲ್ಲಿ ಪಕ್ಕದ ಮಂಚದ ಗೆಳೆಯನ ಹತ್ತಿರ ಅರ್ಧ ಮಾತು ಆಡುತ್ತಾರೆ. ಸ್ವಸಹಾಯ ಸಂಘದ ಸಭೆಗೆ ಬಂದು ಬಾಯಿ ಬಿಡದೆ ಕೂರುತ್ತಾರೆ. ಮನೆಗೆ ಬಂದ ಆಶಾ ಕಾರ್ಯಕರ್ತೆಯ ಮುಂದೆ ‘ಇನ್ನು ಮಾತ್ರೆ ಯಾಕಮ್ಮ, ಸಾಕಾಗಿದೆ’ ಎನ್ನುತ್ತಾರೆ. ಆ ಅರ್ಧ ಮಾತನ್ನು ಗುರುತಿಸಿ, ಮುಂದಿನ ಪ್ರಶ್ನೆ ಕೇಳಿ, ಚಿಕಿತ್ಸೆ ಸಿಗುವ ತನಕ ಜೊತೆಗಿರಲು ಜನಸಾಮಾನ್ಯರಿಗೆ ಕಲಿಸುವುದೇ ‘ಗೇಟ್‌ಕೀಪರ್ ತರಬೇತಿ’. ಬೆಂಗಳೂರಿನ ನಿಮ್ಹಾನ್ಸ್ ಇಂಥ ತರಬೇತಿಯನ್ನು ನೀಡುತ್ತಿದೆ. ಶಿಕ್ಷಕರು, ವಾರ್ಡನ್‌ಗಳು, ಪೊಲೀಸರು, ಆರೋಗ್ಯ ಕಾರ್ಯಕರ್ತರು, ಗೃಹಿಣಿಯರು, ಯಾರು ಬೇಕಾದರೂ ಕಲಿಯಬಹುದಾದ ಕೌಶಲ ಇದು.

ಇದರ ಅಗತ್ಯ ಎಷ್ಟಿದೆ ಎಂಬುದನ್ನು ಅಂಕಿಗಳೇ ಹೇಳುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಸತ್ತರು. ಅವರಲ್ಲಿ 13,606 ಮಂದಿ ಕರ್ನಾಟಕದವರು. ಕಾರಣಗಳ ಪಟ್ಟಿಯಲ್ಲಿ ಮೊದಲು ಬರುವುದು ಕೌಟುಂಬಿಕ ಸಮಸ್ಯೆ, ನಂತರ ಕಾಯಿಲೆ. ಇನ್ನೊಂದೆಡೆ, ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಬೇರೆ ಬೇರೆ ಮಾನಸಿಕ ಕಾಯಿಲೆಗಳಿರುವವರ ಪೈಕಿ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ದಕ್ಕಿಲ್ಲ ಎಂಬುದು ತಿಳಿಯಿತು. ವೈದ್ಯರಿಂದಷ್ಟೇ ತುಂಬುವ ಕಂದಕವಲ್ಲ ಇದು.

ಚಹಾ ಕೊಟ್ಟವರು ಕಲಿಸಿದ ಪಾಠ

ಸಾಮಾನ್ಯರಿಂದಲೂ ಈ ಕೆಲಸ ಆಗುತ್ತದೆ ಎಂಬುದು ಗೊತ್ತಾಗಿದ್ದು ಲಂಡನ್ನಿನಲ್ಲಿ. 1953ರಲ್ಲಿ ಚಾಡ್ ವಾರಾ ಎಂಬ ಪಾದ್ರಿ, ಸಾಯುವ ಯೋಚನೆಯಲ್ಲಿರುವವರು ಕರೆ ಮಾಡಲೆಂದು ತಮ್ಮ ಚರ್ಚಿನಲ್ಲಿ ದೂರವಾಣಿ ಸೇವೆ ಆರಂಭಿಸಿದರು. ಜನ ನೇರವಾಗಿಯೂ ಬರತೊಡಗಿದರು. ಕಾಯುವವರಿಗೆ ಚಹಾ ಕೊಟ್ಟು ಜೊತೆಯಲ್ಲಿ ಕೂರಲು ಸ್ವಯಂಸೇವಕರಿದ್ದರು. ಅವರೊಂದಿಗೆ ಮಾತಾಡಿಯೇ ಹಗುರಾದ ಹಲವರು ಪಾದ್ರಿಯನ್ನು ಕಾಣದೆ ಮನೆಗೆ ಮರಳಿದರು. ತಮಗಿಂತ ಆ ಸ್ವಯಂಸೇವಕರೇ ಹೆಚ್ಚು ನೆರವಾಗುತ್ತಿದ್ದಾರೆ ಎಂದರಿತ ವಾರಾ ಕೆಲಸವನ್ನು ಅವರಿಗೇ ಒಪ್ಪಿಸಿದರು. ‘ಸಮಾರಿಟನ್ಸ್’ ಸಂಸ್ಥೆ ಬೆಳೆದದ್ದು ಹೀಗೆ.

ಅದೇ ಹಾದಿಯಲ್ಲಿ ಡಾ. ಲಕ್ಷ್ಮಿ ವಿಜಯಕುಮಾರ್ 1986ರಲ್ಲಿ ಚೆನ್ನೈಯಲ್ಲಿ ‘ಸ್ನೇಹಾ’ ಕಟ್ಟಿದರು. 2002ರಲ್ಲಿ ಬೆಂಗಳೂರಿನಲ್ಲಿ ‘ಸಹಾಯ್’ ಸಹಾಯವಾಣಿ ಹುಟ್ಟಿತು. ದೂರವಾಣಿಯ ಆಚೆಗೂ, ಜನ ಇದ್ದಲ್ಲಿಯೇ ನೆರವು ಸಿಗಬೇಕೆಂಬ ಆಲೋಚನೆಯಿಂದ ತರಬೇತಿಯ ಪಾಠಕ್ರಮಗಳು ರೂಪುಗೊಂಡವು. ಕೆನಡಾದ ಕ್ಯಾಲ್ಗರಿಯಲ್ಲಿ 1983ರಲ್ಲಿ ಶುರುವಾದ ಲಿವಿಂಗ್‌ವರ್ಕ್ಸ್ ಸಂಸ್ಥೆಯ ಎರಡು ದಿನಗಳ ‘ಅಸಿಸ್ಟ್’ ಕಾರ್ಯಾಗಾರ ಅವುಗಳಲ್ಲಿ ಹೆಸರಾದದ್ದು.

ಎರಡು ಕುರ್ಚಿಗಳ ನಡುವೆ

ಇಂಥ ತರಬೇತಿಯ ಜೀವಾಳ ಉಪನ್ಯಾಸವಲ್ಲ, ಪಾತ್ರಾಭಿನಯ. ಎರಡು ಕುರ್ಚಿ ಎದುರುಬದುರು ಹಾಕುತ್ತಾರೆ. ಒಬ್ಬರು ಪಿಯುಸಿ ಫೇಲಾದ ಹುಡುಗ, ಇನ್ನೊಬ್ಬರು ಅವನ ಮೇಷ್ಟ್ರು ಎಂದಿಟ್ಟುಕೊಳ್ಳಿ.

‘ನಾನಿದ್ದು ಏನು ಪ್ರಯೋಜನ ಸರ್?’

‘ಛೆ, ಹಾಗೆಲ್ಲ ಮಾತಾಡಬಾರದಪ್ಪ. ಅಪ್ಪ ಅಮ್ಮನ ಮುಖ ನೋಡು. ಧೈರ್ಯ ತಗೋ.’

ನಮ್ಮೆಲ್ಲರ ಬಾಯಿಗೂ ಮೊದಲು ಬರುವ ಮಾತು ಇದೇ. ಪ್ರೀತಿಯಿಂದಲೇ ಬರುತ್ತದೆ. ಆದರೆ ಹುಡುಗ ಅಲ್ಲಿಗೇ ಬಾಯಿ ಮುಚ್ಚುತ್ತಾನೆ. ತರಬೇತುದಾರರು ತಡೆದು ಮತ್ತೆ ಮೊದಲಿನಿಂದ ಮಾಡಿಸುತ್ತಾರೆ. ಬುದ್ಧಿಮಾತು ಬೇಡ, ಹೋಲಿಕೆ ಬೇಡ, ದೇವರ ಆಣೆ ಬೇಡ.

‘ತುಂಬಾ ನೊಂದಿದೀಯ ಅನ್ನಿಸ್ತಿದೆ. ಏನಾಯ್ತು ಹೇಳು.’ ಆಮೇಲೆ ಸುಮ್ಮನೆ ಕೂರಬೇಕು. ಅವನು ಹೇಳಿ ಮುಗಿಸಿದ ಮೇಲೆ, ದನಿ ತಗ್ಗಿಸಿ, ಕಣ್ಣು ತಪ್ಪಿಸದೆ ಕೇಳಬೇಕು: ‘ಇಷ್ಟೆಲ್ಲ ಆದಾಗ ಸಾಯಬೇಕು ಅಂತ ಏನಾದರೂ ಅನ್ನಿಸ್ತಿದೆಯಾ?’

ಕಲಿಯಲು ಬಂದವರ ನಾಲಿಗೆ ತಡವರಿಸುವುದು ಇಲ್ಲಿಯೇ. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತೆ ಆಗುವುದಿಲ್ಲವೇ ಎಂಬ ಭಯ. ನ್ಯೂಯಾರ್ಕ್ ರಾಜ್ಯದ ಪ್ರೌಢಶಾಲೆಗಳಲ್ಲಿ 2,300ಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿತು. ಈ ಪ್ರಶ್ನೆ ಎದುರಿಸಿದ ಮಕ್ಕಳಲ್ಲಿ ಸಂಕಟವಾಗಲಿ ಸಾಯುವ ಯೋಚನೆಯಾಗಲಿ ಹೆಚ್ಚಲಿಲ್ಲ. ಒಳಗೇ ಬೇಯುತ್ತಿದ್ದವರಿಗೆ, ತನ್ನ ಮಾತನ್ನು ಹೆದರದೆ ಕೇಳುವವರು ಒಬ್ಬರಿದ್ದಾರೆ ಎಂಬುದೇ ದೊಡ್ಡ ಆಸರೆ.

ಒಬ್ಬರನ್ನೇ ಬಿಡಬೇಡಿ

‘ಹೌದು’ ಎಂಬ ಉತ್ತರ ಬಂದರೆ? ಗಾಬರಿಪಡದೆ, ಬೈಯದೆ, ಯೋಚನೆ ಎಷ್ಟು ಮುಂದೆ ಹೋಗಿದೆ ಎಂದು ವಿಚಾರಿಸಬೇಕು. ಈ ಹಿಂದೆ ಪ್ರಯತ್ನಿಸಿದ್ದಿದೆಯೇ ಎಂದೂ ಕೇಳಬೇಕು. ಅಪಾಯ ಹತ್ತಿರವಿದೆ ಎನಿಸಿದರೆ ಒಬ್ಬರನ್ನೇ ಬಿಡಕೂಡದು. ಮನೆಯಲ್ಲಿರುವ ಕೀಟನಾಶಕದಂಥ ಅಪಾಯದ ವಸ್ತುಗಳನ್ನು ಕೈಗೆ ಸಿಗದಂತೆ ದೂರ ಇರಿಸಬೇಕು. ಅತಿ ಅಪಾಯಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಶ್ರೀಲಂಕಾದಲ್ಲಿ ಆತ್ಮಹತ್ಯೆಗಳು ಗಣನೀಯವಾಗಿ ಇಳಿದವು. ಸಾಯಬೇಕೆನಿಸುವ ತೀವ್ರ ಗಳಿಗೆಯನ್ನು ದಾಟಿಸಿದರೆ ಎಷ್ಟೋ ಜೀವ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

‘ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ’ ಎಂದರೆ ಕೊಡಬಾರದು. ನಂಬುವಂಥ ಇನ್ನೊಬ್ಬರಿಗೆ ತಿಳಿಸಿ, ಆಸ್ಪತ್ರೆಗೆ ತಾವೇ ಜೊತೆಯಲ್ಲಿ ಹೋಗಬೇಕು. ವಾರದ ನಂತರ ‘ಹೇಗಿದೀಯ?’ ಎಂದು ಮತ್ತೆ ವಿಚಾರಿಸಬೇಕು. ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಒಯ್ಯುವವರು ವೈದ್ಯರಾಗಿರಬೇಕಿಲ್ಲ, ಇಲ್ಲಿಯೂ ಅಷ್ಟೇ. ಚಿಕಿತ್ಸೆ ತಜ್ಞರ ಹೊಣೆ, ಅಲ್ಲಿಗೆ ತಲುಪಿಸುವುದು ನಮ್ಮದು. ಹಾಗೆ ತಲುಪಿಸಿದವರ ಮನಸ್ಸೂ ದಣಿಯುತ್ತದೆ. ಆದ್ದರಿಂದ ತಮ್ಮ ಭಾರ ಇಳಿಸಿಕೊಳ್ಳುವ ದಾರಿಯೂ ಪಾಠದಲ್ಲಿ ಸೇರಿದೆ.

ಕೇಸಿನ ಭಯದಿಂದ ಆತ್ಮಹತ್ಯೆಯ ಯತ್ನವನ್ನು ಮುಚ್ಚಿಡುವ ಮನೆಗಳು ಈಗಲೂ ಇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್, ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಕೊಡಬೇಕು ಎನ್ನುತ್ತದೆ. 2024ರ ಜುಲೈ 1ರಂದು ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ ಇಲ್ಲ.

ದೇಶದ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರ ಹೊರಬಂದದ್ದು 2022ರಲ್ಲಿ. 2030ರೊಳಗೆ ಇಂಥ ಸಾವುಗಳನ್ನು ಶೇ 10ರಷ್ಟು ತಗ್ಗಿಸುವುದು ಅದರ ಗುರಿ. ಅದು ದೆಹಲಿಯ ಕಡತದಿಂದ ಈಡೇರುವುದಿಲ್ಲ. ಪ್ರತಿ ಹಾಸ್ಟೆಲ್, ಪ್ರತಿ ಹಾಲಿನ ಡೇರಿ, ಪ್ರತಿ ಸ್ವಸಹಾಯ ಸಂಘದಲ್ಲಿ ಕನಿಷ್ಠ ಇಬ್ಬರು ಈ ತರಬೇತಿ ಪಡೆಯಲಿ. ನಿಮ್ಮ ಶಾಲೆಯ, ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ. ಈಗಲೇ ನೆರವು ಬೇಕಾದವರಿಗೂ, ಅವರ ಬಗ್ಗೆ ಆತಂಕದಲ್ಲಿರುವವರಿಗೂ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ. ಕನ್ನಡದಲ್ಲಿಯೇ ಮಾತಾಡಬಹುದು.