ಬೆಳಗಾವಿ–ಕಲಬುರಗಿ ವಿಮಾನಯಾನ ದೂರ

ಬೆಳಗಾವಿ–ಕಲಬುರಗಿ ವಿಮಾನಯಾನ ದೂರವು ಉತ್ತರ ಕರ್ನಾಟಕದ ಈ ಎರಡು ಪ್ರಾದೇಶಿಕ ವಿಮಾನ ನಿಲ್ದಾಣಗಳ ನಡುವೆ ಭೂಮಿಯ ಮೇಲ್ಮೈಯನ್ನು ಅನುಸರಿಸಿ ಅಳೆದ ಅತಿ ಕಡಿಮೆ ಅಂತರವಾಗಿದೆ. ಇದು ಸುಮಾರು 297 ಕಿ.ಮೀ., ಅಂದರೆ 160 ನಾಟಿಕಲ್ ಮೈಲಿ. ಈ ನೇರ ರೇಖೆಯು ಘಟಪ್ರಭಾ, ಕೃಷ್ಣಾ ಮತ್ತು ಭೀಮಾ ನದಿಗಳನ್ನು ದಾಟಿ, ವಿಜಯಪುರ ನಗರಕ್ಕೆ ದಕ್ಷಿಣದಲ್ಲಿ ಸುಮಾರು 30 ಕಿ.ಮೀ. ಅಂತರದಲ್ಲಿ ಹಾದುಹೋಗುತ್ತದೆ.

ನಿಲ್ದಾಣಗಳು

ಬೆಳಗಾವಿ ವಿಮಾನ ನಿಲ್ದಾಣವು ನಗರದ ಪೂರ್ವಕ್ಕಿರುವ ಸಾಂಬ್ರಾದಲ್ಲಿದೆ. ಇದನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಪಡೆ ನಿರ್ಮಿಸಿತು. ಕಲಬುರಗಿ ವಿಮಾನ ನಿಲ್ದಾಣವು 2019ರ ನವೆಂಬರ್ 22ರಂದು ಉದ್ಘಾಟನೆಗೊಂಡಿತು.

ದೂರದ ಲೆಕ್ಕ

ಸಾಂಬ್ರಾ ನಿಲ್ದಾಣವು 15.86° ಉತ್ತರ ಅಕ್ಷಾಂಶ ಮತ್ತು 74.62° ಪೂರ್ವ ರೇಖಾಂಶದಲ್ಲಿದೆ, ಕಲಬುರಗಿಯದು 17.31° ಮತ್ತು 76.96°. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿ.ಮೀ. ಆದುದರಿಂದ ಉತ್ತರ ದಿಕ್ಕಿನ ಅಂತರ 161 ಕಿ.ಮೀ. ಆಗುತ್ತದೆ. ರೇಖಾಂಶಗಳು ಧ್ರುವಗಳತ್ತ ಸಾಗಿದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ, ಈ ಭಾಗದಲ್ಲಿ ರೇಖಾಂಶದ ಒಂದು ಡಿಗ್ರಿ ಸುಮಾರು 106.5 ಕಿ.ಮೀ. ಮಾತ್ರ; ಪೂರ್ವ ದಿಕ್ಕಿನ ಅಂತರ 249 ಕಿ.ಮೀ. ಇವೆರಡನ್ನು ಲಂಬಕೋನ ತ್ರಿಭುಜದ ಭುಜಗಳೆಂದು ತಿಳಿದರೆ ಕರ್ಣವು 297 ಕಿ.ಮೀ. ಆಗುತ್ತದೆ. ವಿಜಯಪುರದ ಮೂಲಕ ಸಾಗುವ ರಸ್ತೆಯ ದೂರ 350 ಕಿ.ಮೀ.ಗಿಂತ ಹೆಚ್ಚು.

ಹಾರಾಟದ ಸಮಯ

ಗಂಟೆಗೆ ಸುಮಾರು 500 ಕಿ.ಮೀ. ವೇಗದ ಎ.ಟಿ.ಆರ್. 72 ಮಾದರಿಯ ವಿಮಾನವು 297 ಕಿ.ಮೀ. ದೂರವನ್ನು 36 ನಿಮಿಷಗಳಲ್ಲಿ ಕ್ರಮಿಸಬಲ್ಲದು. ಹಿಂದಿನಿಂದ ಗಂಟೆಗೆ 40 ಕಿ.ಮೀ. ವೇಗದ ಗಾಳಿ ಬೀಸಿದರೆ ಇದು 33 ನಿಮಿಷಕ್ಕೆ ಇಳಿಯುತ್ತದೆ. ಎದುರುಗಾಳಿಯಿದ್ದರೆ 39 ನಿಮಿಷಕ್ಕೆ ಏರುತ್ತದೆ. ಮೇಲೇರುವಾಗ ಮತ್ತು ಇಳಿಯುವಾಗ ವೇಗ ಕಡಿಮೆಯಿರುವುದರಿಂದ, ವಾಸ್ತವದಲ್ಲಿ 45ರಿಂದ 50 ನಿಮಿಷಗಳನ್ನು ಎಣಿಸಬೇಕು.

ಹಾರಾಟದ ಸಮಯವೇ ಪ್ರಯಾಣದ ಸಮಯವಲ್ಲ. ಮನೆಯಿಂದ ನಿಲ್ದಾಣಕ್ಕೆ ಹೋಗಲು, ತಪಾಸಣೆಗಾಗಿ ಮೊದಲೇ ತಲುಪಿ ಕಾಯಲು, ಇಳಿದ ಮೇಲೆ ಊರೊಳಗೆ ಸೇರಲು ಬೇಕಾಗುವ ಅವಧಿಯನ್ನು ಕೂಡಿಸಿದರೆ ಒಟ್ಟು ಸಮಯ ಮೂರು ಗಂಟೆಗೂ ಮೀರುತ್ತದೆ. ಗಂಟೆಗೆ ಸರಾಸರಿ 50 ಕಿ.ಮೀ. ವೇಗದಲ್ಲಿ ರಸ್ತೆಯ ಪ್ರಯಾಣಕ್ಕೆ ಏಳು ಗಂಟೆಗಳು ಬೇಕು.

ವಿಜಯಪುರ ಜಿಲ್ಲೆಗೆ ಸಂಬಂಧ

ಜೈನಾಪುರ, ತಿಕೋಟಾ, ಬಬಲೇಶ್ವರ ಮೊದಲಾದ ಊರುಗಳು ಈ ಎರಡು ನಿಲ್ದಾಣಗಳ ನಡುವೆ ಇವೆ. ವಿಜಯಪುರ ನಗರದಿಂದ ಕಲಬುರಗಿಗೆ ರಸ್ತೆಯ ಮೂಲಕ ಸುಮಾರು 160 ಕಿ.ಮೀ.; ಬೆಳಗಾವಿ ಅದಕ್ಕಿಂತಲೂ ದೂರ. ವಿಮಾನ ಏರುವುದಕ್ಕೆ ಮುನ್ನವೇ ಮೂರು ಗಂಟೆಗಳ ರಸ್ತೆ ಪ್ರಯಾಣ ಮಾಡಬೇಕಾದಾಗ ತುರ್ತು ಚಿಕಿತ್ಸೆಗೆ ದೂರದ ನಗರಕ್ಕೆ ಹೊರಟ ರೋಗಿಗೆ ಹಾರಾಟದ ವೇಗದಿಂದ ದೊರೆಯುವ ಪ್ರಯೋಜನ ಬಹುಮಟ್ಟಿಗೆ ಕುಗ್ಗುತ್ತದೆ.

ವಿಜಯಪುರಕ್ಕೇ ಒಂದು ನಿಲ್ದಾಣ ಬೇಕೆಂಬ ಬೇಡಿಕೆಗೆ ಈ ಲೆಕ್ಕವು ಒಂದು ಆಧಾರ. ನಗರದ ಸಮೀಪದ ಬುರಣಾಪುರದಲ್ಲಿ ವಿಮಾನ ನಿಲ್ದಾಣದ ಕಾಮಗಾರಿಗೆ 2021ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆ ನೆರವೇರಿತು. ವಿಜಯಪುರದಿಂದ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ನೇರ ದೂರ ಸುಮಾರು 460 ಕಿ.ಮೀ.; ಮೇಲಿನ ವೇಗದಲ್ಲಿ ಏರಿಳಿತದ ಸಮಯವೂ ಸೇರಿ ಇದು ಒಂದು ಗಂಟೆಗಿಂತ ಸ್ವಲ್ಪ ಹೆಚ್ಚಿನ ಹಾರಾಟ.