ಸೂಜಿ ಬೇಡವೆನ್ನುವ ಟ್ಯಾಟೂ: ನಂಬುವುದೆಷ್ಟು, ಬಿಡುವುದೆಷ್ಟು?

ಮೈಮೇಲೆ ಟ್ಯಾಟೂ ಸ್ಟಿಕ್ಕರ್ ಅಂಟಿಸಿಕೊಂಡರೆ ಸಾಕು, ರಕ್ತದ ಸಕ್ಕರೆ ಎಷ್ಟೆಂದು ಫೋನಿನಲ್ಲಿ ಕಾಣಿಸುತ್ತದೆ, ಬೆರಳಿಗೆ ಚುಚ್ಚಿಕೊಳ್ಳುವ ಕಾಲ ಮುಗಿಯಿತು ಎಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ತಿರುಗಿ ಬರುತ್ತಲೇ ಇರುತ್ತದೆ. ಸುದ್ದಿಯ ಬೇರು ಸುಳ್ಳಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್ಸಿನಲ್ಲಿ 2007ರಲ್ಲಿ ನ್ಯಾನೋ ಎಂಜಿನಿಯರಿಂಗ್‌ಗೆಂದೇ ಒಂದು ವಿಭಾಗ ಶುರುವಾಯಿತು. ಅಲ್ಲಿ ಪ್ರೊಫೆಸರ್ ಜೋಸೆಫ್ ವಾಂಗ್ ಮತ್ತು ಅವರ ತಂಡದವರು ಅಚ್ಚು ಹಾಕಬಹುದಾದ ಸೆನ್ಸರ್, ಬ್ಯಾಟರಿ, ಬೆವರಿನಿಂದ ವಿದ್ಯುತ್ ತೆಗೆಯುವ ಪಟ್ಟಿಗಳನ್ನು ಒಂದಾದ ಮೇಲೊಂದರಂತೆ ಮಾಡಿ ತೋರಿಸಿದ್ದಾರೆ. ಸುದ್ದಿ ಹುಟ್ಟುವುದು ಅಲ್ಲಿ. ಬೆಳೆಯುವುದು ಮಾತ್ರ ದಾರಿಯಲ್ಲಿ.

ನಂಬಿಕೆ: ಎಲೆಕ್ಟ್ರಾನಿಕ್ಸನ್ನು ಅಚ್ಚು ಹಾಕುವುದು ಈಚಿನ ಪವಾಡ

ಕಾರಿನ ಹಿಂಬದಿ ಗಾಜಿನಲ್ಲಿ ಅಡ್ಡಡ್ಡ ಎಳೆದ ಸಣ್ಣ ಗೆರೆಗಳನ್ನು ನೋಡಿದ್ದೀರಲ್ಲ, ಮಂಜು ಕರಗಿಸಲು ಗಾಜನ್ನು ಬಿಸಿ ಮಾಡುವ ಆ ಗೆರೆಗಳು ಬೆಳ್ಳಿಯ ಪೇಸ್ಟಿನಲ್ಲಿ ಅಚ್ಚಾದವು. ಮಾಳಿಗೆಯ ಮೇಲಿನ ಸೋಲಾರ್ ಪ್ಯಾನೆಲ್ಲಿನ ಹೊಳೆಯುವ ಎಳೆಗಳೂ ಹಾಗೆಯೇ. ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಂತೂ ಅಚ್ಚಾದ ಸೆನ್ಸರ್ ಡಬ್ಬಿಗಟ್ಟಲೆ ಇರುತ್ತದೆ: ಗ್ಲುಕೋಮೀಟರಿಗೆ ಸಿಕ್ಕಿಸುವ ಸ್ಟ್ರಿಪ್. ಗ್ಲುಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಎಲೆಕ್ಟ್ರೋಡಿಗೆ ಜೋಡಿಸಿ ಸಕ್ಕರೆ ಅಳೆಯುವ ದಾರಿಯನ್ನು ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ತೋರಿಸಿದ್ದು 1962ರಲ್ಲಿ. ಪೆನ್ನಿನ ಆಕಾರದ ಎಕ್ಸಾಕ್‌ಟೆಕ್ ಮೀಟರು ಅದನ್ನು ಅಚ್ಚಾದ ಸ್ಟ್ರಿಪ್ಪಿಗೆ ಇಳಿಸಿ ಮನೆಮನೆಗೆ ತಂದದ್ದು 1987ರಲ್ಲಿ.

ವಿಧಾನವೂ ಗುರುತಿನದೇ. ಲಗ್ನಪತ್ರಿಕೆ, ಬಟ್ಟೆ ಚೀಲಗಳಿಗೆ ಊರೂರಿನಲ್ಲಿ ಮಾಡುವ ಸ್ಕ್ರೀನ್ ಪ್ರಿಂಟಿಂಗ್. ಚೌಕಟ್ಟಿಗೆ ಬಿಗಿದ ಜಾಲರಿಯ ಮೇಲೆ ಶಾಯಿ ಸುರಿದು ರಬ್ಬರ್ ಪಟ್ಟಿಯಿಂದ ಒಮ್ಮೆ ಎಳೆದರೆ ಬೇಕಾದ ಕಡೆಯಷ್ಟೇ ಶಾಯಿ ಇಳಿಯುತ್ತದೆ. ಲ್ಯಾಬಿನಲ್ಲಿ ಮೊದಲು ಬೆಳ್ಳಿ ಮತ್ತು ಬೆಳ್ಳಿ ಕ್ಲೋರೈಡಿನ ಪದರ ಹಾಕಿ ಓವನ್ನಿನಲ್ಲಿ ಒಣಗಿಸುತ್ತಾರೆ. ಅದರ ಮೇಲೆ ಇಂಗಾಲದ ಪದರ, ಮತ್ತೆ ಓವನ್. ಆಮೇಲೆ ತಂತಿಯ ಭಾಗ ಚರ್ಮಕ್ಕೆ ತಾಗದಂತೆ ವಿದ್ಯುತ್ ನಿರೋಧಕದ ಪದರ. ಕಿಣ್ವ ಬಿಸಿ ತಾಳುವುದಿಲ್ಲವಾದ್ದರಿಂದ ಅದರ ಸರದಿ ಕೊನೆಗೆ. ಹಲವು ಬಾರಿ ಪಿಪೆಟ್ ಹಿಡಿದು ಕೈಯಾರೆ ಹನಿಸುವುದೇ. ಪದರಗಳು ಒಂದರ ಮೇಲೊಂದು ಸರಿಯಾಗಿ ಕೂರದೆ ಜರುಗಿದವೋ, ಎಲೆಕ್ಟ್ರೋಡುಗಳು ಒಂದಕ್ಕೊಂದು ತಾಗಿ ಹಾಳೆಯೇ ಕಸದ ಬುಟ್ಟಿಗೆ.

ನಂಬಿಕೆ: ಬೆಳ್ಳಿಯ ಶಾಯಿ ಇದ್ದರೆ ಮುಗಿಯಿತು

ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ 1962ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಒದಗಿಸುತ್ತಿರುವ ಮತದಾನದ ಶಾಯಿಯಲ್ಲೂ ಬೆಳ್ಳಿ ಇದೆ. ಆದರೆ ಅದು ಬೆಳ್ಳಿ ನೈಟ್ರೇಟ್ ಎಂಬ ಲವಣ. ಚರ್ಮಕ್ಕೆ ಹತ್ತಿ, ಬೆಳಕಿಗೆ ಕಪ್ಪಾಗಿ, ವಾರಗಟ್ಟಲೆ ಅಳಿಯದೆ ನಿಲ್ಲುವುದು ಅದರ ಕೆಲಸ. ಅದರಲ್ಲಿ ಗೆರೆ ಎಳೆದು ಬಲ್ಬು ಹೊತ್ತಿಸಲಾಗದು. ವಿದ್ಯುತ್ ಹರಿಯಬೇಕಾದರೆ ಲೋಹರೂಪದ ಬೆಳ್ಳಿಯ ಚೂರುಗಳು ಸಾಲಾಗಿ ಒಂದನ್ನೊಂದು ಮುಟ್ಟಿಕೊಂಡಿರಬೇಕು.

ಮೈಗೆ ಅಂಟಿಸುವ ಸೆನ್ಸರಿನ ಪೇಚು ಇರುವುದು ಇಲ್ಲಿಯೇ. ಮೊಣಕೈ ಮಡಚಿದಾಗ ಚರ್ಮ ಹಿಗ್ಗುತ್ತದೆ, ಚೂರುಗಳು ದೂರವಾಗುತ್ತವೆ, ಗೆರೆ ಕಡಿಯುತ್ತದೆ. ಅದಕ್ಕೇ ಸ್ಯಾನ್ ಡಿಯಾಗೊ ತಂಡದವರು ಗೆರೆಯನ್ನು ನೇರ ಎಳೆಯದೆ ಹಾವಿನ ನಡೆಯಂತೆ ಅಂಕುಡೊಂಕಾಗಿ ಅಚ್ಚು ಹಾಕುತ್ತಾರೆ, ಶಾಯಿಗೆ ರಬ್ಬರಿನಂತೆ ಹಿಗ್ಗುವ ಪಾಲಿಮರ್ ಬೆರೆಸುತ್ತಾರೆ. 2016ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ನಿಯೋಡಿಮಿಯಮ್ ಆಯಸ್ಕಾಂತವನ್ನು ಪುಡಿ ಮಾಡಿ ಶಾಯಿಗೆ ಕಲಸಿದರು. ಅಚ್ಚಾದ ಗೆರೆ ತುಂಡಾದರೆ ಎರಡು ಕಡೆಯ ಪುಡಿ ಒಂದನ್ನೊಂದು ಸೆಳೆದು, 3 ಮಿಲಿಮೀಟರ್ ಅಗಲದ ಸೀಳು ಕೂಡ 50 ಮಿಲಿಸೆಕೆಂಡಿನಲ್ಲಿ ತಾನಾಗಿ ಕೂಡಿಕೊಂಡಿತು. ಅಂಟಿಲ್ಲ, ಬಿಸಿಯಿಲ್ಲ. ಇಂಥ ಕೆಲಸಕ್ಕೆ ಪತ್ರಿಕೆಗಳಲ್ಲಿ ಸಿಗುವ ಜಾಗ ಮೂಲೆಯ ಒಂದು ಪೆಟ್ಟಿಗೆಯಷ್ಟೆ. ತಲೆಬರಹವೆಲ್ಲ ಸಕ್ಕರೆಗೆ.

ನಂಬಿಕೆ: ನ್ಯಾನೋ ಎಂದರೆ ಕಣ್ಣಿಗೆ ಕಾಣದ ಸೆನ್ಸರ್

ಅಲ್ಲ. ಇವು ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತವೆ. ಒಂದು ಮಿಲಿಮೀಟರಿನಲ್ಲಿ 10 ಲಕ್ಷ ನ್ಯಾನೋಮೀಟರ್. ಸ್ಕ್ರೀನ್ ಪ್ರಿಂಟಿಂಗಿನ ಗೆರೆ ಹೆಚ್ಚುಕಡಿಮೆ ತಲೆಕೂದಲಿನಷ್ಟು ದಪ್ಪ, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ. ನ್ಯಾನೋ ಇರುವುದು ಶಾಯಿಯೊಳಗೆ. ಬೆಳ್ಳಿ ಕರಗಲು 961 ಡಿಗ್ರಿ ಬೇಕು. ಅದೇ ಬೆಳ್ಳಿಯನ್ನು ನ್ಯಾನೋ ಕಣಗಳಾಗಿ ಒಡೆದರೆ 150 ಡಿಗ್ರಿಯ ಆಸುಪಾಸಿನಲ್ಲೇ ಕಣಗಳು ಬೆಸೆದುಕೊಳ್ಳುತ್ತವೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಲೋಹದ ಗೆರೆ ಕೂರಿಸಲು ಸಾಧ್ಯವಾಗುವುದು ಇದರಿಂದ. ಫೋನಿನ ಚಿಪ್ಪನ್ನೇ ಹೀಗೆ ಅಚ್ಚು ಹಾಕಿಬಿಡಬಹುದು ಎಂದುಕೊಳ್ಳುವವರೂ ಇದ್ದಾರೆ. ಆ ಮಾತು ಬಿಡಿ, ಚಿಪ್ಪಿನ ಟ್ರಾನ್ಸಿಸ್ಟರುಗಳು ಈ ಗೆರೆಗಿಂತ ಸಾವಿರಾರು ಪಟ್ಟು ಸಣ್ಣವು. ಟ್ಯಾಟೂವಿಗೂ ಲೆಕ್ಕ ಹಾಕಲು, ಫೋನಿಗೆ ಸುದ್ದಿ ಮುಟ್ಟಿಸಲು ಮಾಮೂಲಿ ಚಿಪ್ಪೇ ಬೇಕು.

ನಂಬಿಕೆ: ಟ್ಯಾಟೂ ಅಂಟಿಸಿದರೆ ರಕ್ತದ ಸಕ್ಕರೆ ತಿಳಿಯುತ್ತದೆ

ಇದನ್ನು ನಿಧಾನವಾಗಿ ನೋಡಬೇಕು. ಮೊದಲಿಗೆ, ಇದು ಸೂಜಿಯಿಂದ ಚುಚ್ಚಿ ಹಾಕುವ ಹಚ್ಚೆಯಲ್ಲ. ಮಕ್ಕಳು ನೀರು ಹಚ್ಚಿ ಕೈಗೆ ಅಂಟಿಸಿಕೊಳ್ಳುತ್ತಾರಲ್ಲ, ಆ ಥರದ ಕಾಗದದ ಮೇಲೆ ಅಚ್ಚಾದದ್ದು. ಎರಡನೆಯದಾಗಿ, ಅದು ರಕ್ತವನ್ನು ಮುಟ್ಟುವುದೇ ಇಲ್ಲ.

ತಂಡದ ಪ್ರಯೋಗದ ವಿವರ 2015ರ ಆರಂಭದಲ್ಲಿ ಪ್ರಕಟವಾಯಿತು. ಪಾಲ್ಗೊಂಡವರು ಏಳು ಮಂದಿ, 20ರಿಂದ 40 ವರ್ಷದವರು, ಯಾರಿಗೂ ಸಕ್ಕರೆ ಕಾಯಿಲೆ ಇರಲಿಲ್ಲ. ಟ್ಯಾಟೂ ಮೂಲಕ ಚರ್ಮಕ್ಕೆ ಹತ್ತು ನಿಮಿಷ ತೀರಾ ಸಣ್ಣ ವಿದ್ಯುತ್ ಹರಿಸಿದರು. ಜೀವಕೋಶಗಳ ನಡುವಿನ ದ್ರವದಲ್ಲಿರುವ ಸೋಡಿಯಂ ಅಯಾನುಗಳು ಎಲೆಕ್ಟ್ರೋಡಿನ ಕಡೆ ಸರಿಯುವಾಗ ಒಂದಿಷ್ಟು ಗ್ಲುಕೋಸನ್ನೂ ಜೊತೆಗೆ ಎಳೆದು ತರುತ್ತವೆ. ಅಲ್ಲಿ ಕಾದಿರುವ ಗ್ಲುಕೋಸ್ ಆಕ್ಸಿಡೇಸ್ ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಇದನ್ನು ವಿದ್ಯುತ್ ಸಂಕೇತವಾಗಿಸಲು ಇಂಗಾಲದ ಶಾಯಿಗೆ ಬೆರೆಸಿದ್ದು ಪ್ರಷ್ಯನ್ ಬ್ಲೂ, ಅಂದರೆ ಚಿತ್ರಕಾರರು ಮುನ್ನೂರು ವರ್ಷಗಳಿಂದ ಬಳಸುತ್ತಿರುವ ಅದೇ ನೀಲಿ ಬಣ್ಣ. ತೀರಾ ಕಡಿಮೆ ವೋಲ್ಟೇಜಿನಲ್ಲಿ ಅದು ಪೆರಾಕ್ಸೈಡಿಗೆ ಸ್ಪಂದಿಸುತ್ತದೆ. ವೋಲ್ಟೇಜು ಹೆಚ್ಚಿದ್ದರೆ ಮೈಯಲ್ಲಿರುವ ವಿಟಮಿನ್ ಸಿ, ನುಂಗಿದ ಪ್ಯಾರಾಸಿಟಮಾಲ್ ಕೂಡ ಸಕ್ಕರೆಯ ವೇಷ ಹಾಕಿ ಲೆಕ್ಕ ಕೆಡಿಸುತ್ತಿದ್ದವು.

ಆ ಏಳು ಮಂದಿ ಸ್ಯಾಂಡ್‌ವಿಚ್ ತಿಂದು ಸೋಡಾ ಕುಡಿದ ಮೇಲೆ ಟ್ಯಾಟೂ ಸಕ್ಕರೆಯ ಏರಿಕೆಯನ್ನು ಹಿಡಿಯಿತು. ಬೆರಳು ಚುಚ್ಚಿ ನೋಡಿದ ಏರಿಕೆಗೂ ಅದು ತಾಳೆಯಾಯಿತು. ಇಷ್ಟು ಸತ್ಯ. ಹಾಕಿಕೊಂಡವರಿಗೆ ‘ನಿಮ್ಮ ಸಕ್ಕರೆ 140’ ಎಂದು ನೇರ ಅಂಕಿ ತೋರಿಸುವ ಸಾಧನವೇ ಅದಾಗಿರಲಿಲ್ಲ ಎಂಬುದೂ ಅಷ್ಟೇ ಸತ್ಯ. ಸುದ್ದಿಯಲ್ಲಿ ಮೊದಲನೆಯದು ಉಳಿಯಿತು, ಎರಡನೆಯದು ಉದುರಿಹೋಯಿತು.

ಹೀಗೆ ವಿದ್ಯುತ್ತಿನಿಂದ ಗ್ಲುಕೋಸ್ ಎಳೆದು ಅಳೆಯುವ ಕೈಗಡಿಯಾರವೊಂದು ಅದಕ್ಕೂ ಮೊದಲೇ ಬಂದು ಹೋಗಿತ್ತು. ಗ್ಲುಕೋವಾಚ್ ಎಂಬ ಅದಕ್ಕೆ ಅಮೆರಿಕದಲ್ಲಿ 2001ರಲ್ಲೇ ಅನುಮತಿ ಸಿಕ್ಕಿತ್ತು. ಹಾಕಿಕೊಂಡವರ ಚರ್ಮ ಕೆಂಪಾಗಿ ಉರಿಯುತ್ತಿತ್ತು, ಲೆಕ್ಕ ಸರಿಪಡಿಸಲು ಬೆರಳು ಚುಚ್ಚಿಕೊಳ್ಳುವುದೂ ತಪ್ಪಲಿಲ್ಲ. ಕೆಲವೇ ವರ್ಷಗಳಲ್ಲಿ ಅದು ಅಂಗಡಿಯಿಂದ ಮರೆಯಾಯಿತು. ಟ್ಯಾಟೂ ತಂಡ ಆ ಪಾಠ ಕಲಿತೇ ವಿದ್ಯುತ್ತನ್ನು ಅಷ್ಟು ತಗ್ಗಿಸಿದ್ದು.

ಹಾಗಾದರೆ ಬೆವರಿನಲ್ಲಿ ಅಳೆದರೆ? ಬೆವರಿನಲ್ಲಿ ಗ್ಲುಕೋಸ್ ಇದೆ, ಆದರೆ ರಕ್ತದಲ್ಲಿರುವುದರ ನೂರನೇ ಒಂದು ಭಾಗದ ಆಸುಪಾಸು. ಈಗಷ್ಟೇ ಬಾಳೆಹಣ್ಣು ತಿಂದ ಕೈ ಆದರಂತೂ ಬೆವರಿನ ಸಕ್ಕರೆ ಯಾವುದು, ಹಣ್ಣಿನದು ಯಾವುದು? ಬೆವರಿಗೂ ರಕ್ತಕ್ಕೂ ಇರುವ ನಂಟು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. 2021ರಲ್ಲಿ ಇದೇ ತಂಡ ಬೆರಳ ತುದಿಯ ಬೆವರಿನಿಂದ ರಕ್ತದ ಸಕ್ಕರೆಯನ್ನು ಅಂದಾಜು ಮಾಡಿ ತೋರಿಸಿತು. ಅದಕ್ಕಾಗಿ ಪ್ರತಿಯೊಬ್ಬರಿಗೂ ಬೇರೆಬೇರೆ ಲೆಕ್ಕ ಕಟ್ಟಬೇಕಾಯಿತು, ಆ ಲೆಕ್ಕ ಕಟ್ಟಲು ರಕ್ತದ ಪರೀಕ್ಷೆಯೇ ಬೇಕಾಯಿತು. ಅಚ್ಚು ಹಾಕುವುದು ಕರಗತವಾಗಿ ಎಷ್ಟೋ ಕಾಲವಾಯಿತು. ಅಚ್ಚಾದದ್ದು ಹೇಳುವ ಅಂಕಿಯನ್ನು ನಂಬಿ ಇನ್ಸುಲಿನ್ ತೆಗೆದುಕೊಳ್ಳಬಹುದೇ ಎಂಬುದೇ ಇನ್ನೂ ಬಗೆಹರಿಯದ ಪ್ರಶ್ನೆ.

ತೋಳಿಗೆ ಅಂಟಿಸಿ ಎರಡು ವಾರ ಬಿಡುವ ಸೆನ್ಸರುಗಳು ಈಗ ನಮ್ಮ ಔಷಧಿ ಅಂಗಡಿಗಳಲ್ಲೂ ಸಿಗುತ್ತವೆ. ಅವು ಬೇರೆ ಜಾತಿ. ಅವುಗಳ ಕೂದಲೆಳೆಯಂಥ ತುದಿ ಚರ್ಮದೊಳಗೆ ಇಳಿದಿರುತ್ತದೆ. ಬೆರಳು ಚುಚ್ಚುವುದನ್ನು ಅವು ನಿಜಕ್ಕೂ ಬಹಳ ಮಟ್ಟಿಗೆ ತಪ್ಪಿಸಿವೆ. ಚರ್ಮದ ಮೇಲಷ್ಟೇ ಕೂರುವ ಟ್ಯಾಟೂವಿಗೆ ಅವುಗಳ ಹೆಸರನ್ನು ತಳುಕು ಹಾಕಬಾರದು.

ನಂಬಿಕೆ: ಇವೆಲ್ಲ ಸಕ್ಕರೆ ಕಾಯಿಲೆಗಷ್ಟೇ

ನನ್ನ ಮಟ್ಟಿಗೆ ಈ ತಂಡದ ಅತ್ಯುತ್ತಮ ಕೆಲಸ 2017ರ ಒಂದು ಕೈಗವಸು. ಒಮ್ಮೆ ಬಳಸಿ ಎಸೆಯುವ ಮಾಮೂಲಿ ಗವಸು. ಅದರ ತೋರುಬೆರಳಿಗೆ ಮೂರು ಎಲೆಕ್ಟ್ರೋಡು, ಹೆಬ್ಬೆರಳಿಗೆ ಇಂಗಾಲದ ಒಂದು ಬಿಲ್ಲೆ ಅಚ್ಚಾಗಿದೆ. ಹೆಬ್ಬೆರಳಿನಿಂದ ಹಣ್ಣನ್ನೋ ತರಕಾರಿಯನ್ನೋ ಉಜ್ಜಿ, ತೋರುಬೆರಳಿಗೆ ಒತ್ತಿ ಹಿಡಿದರೆ, ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಇದೆಯೇ ಎಂದು ಫೋನಿಗೆ ಸುದ್ದಿ ಹೋಗುತ್ತದೆ. ಯುದ್ಧದಲ್ಲಿ ಬಳಸುವ ನರಗಳಿಗೆ ಎರಗುವ ವಿಷವೂ ಇದೇ ಜಾತಿಯದಾದ್ದರಿಂದ ಸೈನ್ಯದವರಿಗೂ ಇದರಲ್ಲಿ ಆಸಕ್ತಿ. ಗವಸಿಗಿರುವ ಅನುಕೂಲ, ಅದು ಇದೆಯೋ ಇಲ್ಲವೋ ಎಂದಷ್ಟೇ ಹೇಳಿದರೂ ಕೆಲಸವಾಗುತ್ತದೆ. ಸಕ್ಕರೆಯಲ್ಲಿ ಹಾಗಲ್ಲ, ಅಂಕಿ ತಪ್ಪಿದರೆ ಜೀವದ ಪ್ರಶ್ನೆ ಆಗಬಹುದು. ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಬರಿಗೈಯಲ್ಲಿ ಔಷಧಿ ಹೊಡೆಯುವ ನಮ್ಮ ರೈತರಿಗೆ ಸಕ್ಕರೆಯ ಟ್ಯಾಟೂಗಿಂತ ಮೊದಲು ಇಂಥದ್ದು ತಲುಪಬೇಕು.

ನಂಬಿಕೆ: ಬೆವರಿನಿಂದ ಫೋನ್ ಚಾರ್ಜ್ ಆಗುತ್ತದೆ

ಬೆರಳ ತುದಿಗೆ ಸುತ್ತಿಕೊಳ್ಳುವ ಪಟ್ಟಿಯೊಂದು ಬೆವರಿನ ಲ್ಯಾಕ್ಟೇಟಿನಿಂದ ವಿದ್ಯುತ್ ತೆಗೆಯುವುದನ್ನು ತಂಡ 2021ರಲ್ಲಿ ತೋರಿಸಿದ್ದು ನಿಜ. ಹತ್ತು ಗಂಟೆ ನಿದ್ದೆ ಮಾಡಿ ಎದ್ದರೆ ಚದರ ಸೆಂಟಿಮೀಟರಿಗೆ 300 ಮಿಲಿಜೂಲ್‌ಗೂ ಹೆಚ್ಚು. ಸಣ್ಣ ಕೈಗಡಿಯಾರಕ್ಕೆ, ಪುಟ್ಟ ಸೆನ್ಸರಿಗೆ ಇದು ಸಾಕು. 5,000 ಎಂಎಎಚ್‌ನ ಫೋನ್ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 70,000 ಜೂಲ್. ಲೆಕ್ಕ ಹಾಕಿ: ಅಂಥ ಒಂದು ಚದರ ಸೆಂಟಿಮೀಟರ್ ಪಟ್ಟಿ ಕಟ್ಟಿಕೊಂಡವರು ಫೋನ್ ತುಂಬಿಸಲು ಆರುನೂರು ವರ್ಷ ಮಲಗಬೇಕು.

ನಂಬಿಕೆ: ಅಚ್ಚು ಅಗ್ಗ, ಆದ್ದರಿಂದ ಸಾಧನವೂ ಅಗ್ಗ

ಟ್ಯಾಟೂವಿನ ಕಾಗದ, ಶಾಯಿಗೆ ಆಗುವ ಖರ್ಚು ಕೆಲವು ರೂಪಾಯಿ ಮಾತ್ರ. ಅದಕ್ಕೆ ಚಿಪ್ಪು, ಬ್ಯಾಟರಿ ಸೇರಿಸಿ, ನೂರಾರು ರೋಗಿಗಳ ಮೇಲೆ ಪರೀಕ್ಷೆ ಮಾಡಿ, ಸರ್ಕಾರದ ಅನುಮತಿ ಪಡೆಯುವ ಹೊತ್ತಿಗೆ ಬೆಲೆ ಬೇರೆಯೇ ಆಗಿರುತ್ತದೆ. ಕಿಣ್ವದ ಕಾಟ ಇದ್ದೇ ಇದೆ. ಈಗಿನ ಸಾದಾ ಸ್ಟ್ರಿಪ್ ಡಬ್ಬಿಯ ಮೇಲೇ ಸಾಮಾನ್ಯವಾಗಿ 30 ಡಿಗ್ರಿ ದಾಟಿದ ಕಡೆ ಇಡಬೇಡಿ ಎಂದಿರುತ್ತದೆ. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್ ತಿಂಗಳು 40 ಡಿಗ್ರಿ ದಾಟುತ್ತದೆ. ಸಮುದ್ರದ ತಂಪುಗಾಳಿಯ ಸ್ಯಾನ್ ಡಿಯಾಗೊದಲ್ಲಿ ಗೆದ್ದದ್ದು ಈ ಊರುಗಳಲ್ಲೂ ಗೆಲ್ಲಬೇಕಾದರೆ ಇಲ್ಲಿಯೇ ಪರೀಕ್ಷೆ ಆಗಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನ್ಯಾನೋ ವಿಜ್ಞಾನದ ಕೇಂದ್ರವಿದೆ. ಅಲ್ಲಿನ ಸಂಶೋಧನೆಯಿಂದ ಹುಟ್ಟಿದ ಪಾಥ್‌ಶೋಧ್ ಕಂಪನಿ ಒಂದೇ ಕೈಸಾಧನದಲ್ಲಿ ಸಕ್ಕರೆ, ಮೂತ್ರಪಿಂಡ, ರಕ್ತಹೀನತೆಯ ಪರೀಕ್ಷೆಗಳನ್ನು ಮಾಡುವ ಸ್ಟ್ರಿಪ್ಪುಗಳನ್ನು ತಂದಿದೆ. ಸಕ್ಕರೆಗೆ ಅವರೂ ಅವಲಂಬಿಸಿರುವುದು ರಕ್ತದ ಹನಿಯನ್ನೇ.

ಈಗ ಆನ್‌ಲೈನಿನಲ್ಲಿ ಎರಡು ಮೂರು ಸಾವಿರಕ್ಕೆ ಸಿಗುವ ‘ಚುಚ್ಚದೆ ಸಕ್ಕರೆ ತೋರಿಸುವ’ ವಾಚು, ಉಂಗುರಗಳ ವಿಷಯ. ಅವುಗಳಲ್ಲಿ ಮೇಲೆ ಹೇಳಿದ ಶಾಯಿಯೂ ಇಲ್ಲ, ಕಿಣ್ವವೂ ಇಲ್ಲ. ಚರ್ಮಕ್ಕೆ ಚುಚ್ಚದೆ ತಾನಾಗಿ ರಕ್ತದ ಸಕ್ಕರೆ ಅಳೆಯುವ ಯಾವ ಸ್ಮಾರ್ಟ್‌ವಾಚಿಗೂ, ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿದೆ. ಅಂಥದ್ದು ನಿಮ್ಮ ಮನೆಯಲ್ಲಿದ್ದರೆ ಸಮಯ ನೋಡಲು ಇಟ್ಟುಕೊಳ್ಳಿ. ಅದರ ಅಂಕಿ ನೋಡಿ ಮಾತ್ರೆ ಬಿಡುವುದಾಗಲಿ, ಇನ್ಸುಲಿನ್ ಹೆಚ್ಚು ಕಡಿಮೆ ಮಾಡುವುದಾಗಲಿ ಬೇಡ.