ಗಂಡಾಂತರ ಕಳೆದ ಮೇಲಿನ ಭಯ

ರೋಗಿಯನ್ನು ತೀವ್ರ ನಿಗಾ ಘಟಕದಿಂದ ಸಾಮಾನ್ಯ ವಾರ್ಡಿಗೆ ಕಳಿಸುತ್ತೇವೆಂದು ವೈದ್ಯರು ಹೇಳಿದಾಗ ಮನೆಯವರು ದೇವರಿಗೆ ಕೈಮುಗಿಯುತ್ತಾರೆ. ಆದರೆ ಹಾಸಿಗೆಯಲ್ಲಿರುವವರ ಮುಖದಲ್ಲಿ ಆ ನೆಮ್ಮದಿ ಅನೇಕ ವೇಳೆ ಕಾಣುವುದಿಲ್ಲ. ಅದನ್ನು ಅಧೈರ್ಯವೆಂದು ತಳ್ಳಿಹಾಕಲಾಗದು, ಅದಕ್ಕೆ ಸಕಾರಣವುಂಟು.

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿದಾಗ, ಉಸಿರಾಡಲಾರದ ರೋಗಿಗಳ ಬಳಿ ವೈದ್ಯವಿದ್ಯಾರ್ಥಿಗಳು ಸರದಿಯಂತೆ ಕುಳಿತು, ರಬ್ಬರಿನ ಚೀಲವನ್ನು ಕೈಯಿಂದ ಹಿಸುಕುತ್ತ ಹಗಲಿರುಳು ಉಸಿರನ್ನಿತ್ತರು. ಆ ಅನುಭವದ ಬಲದಿಂದ ಡಾ. ಬ್ಯೋರ್ನ್ ಇಬ್ಸೆನ್ 1953ರಲ್ಲಿ ಅಲ್ಲಿ ತೀವ್ರ ನಿಗಾ ಘಟಕವನ್ನು ತೆರೆದರು. ಸದಾ ಬಳಿಯಲ್ಲಿ ಒಬ್ಬರಿರುವುದು ಈ ಚಿಕಿತ್ಸೆಯ ಜೀವಾಳ. ಘಟಕದಲ್ಲಿ ಒಬ್ಬ ದಾದಿ ಒಬ್ಬಿಬ್ಬರನ್ನು ನೋಡಿಕೊಂಡರೆ, ವಾರ್ಡಿನಲ್ಲಿ ಹಲವರನ್ನು ನೋಡಿಕೊಳ್ಳಬೇಕು. ಎದೆಬಡಿತ ತೋರುತ್ತಿದ್ದ ಪರದೆಯೂ ಅಲ್ಲಿರುವುದಿಲ್ಲ. ರೋಗಿಗೆ ಕಾವಲೇ ತಪ್ಪಿಹೋದಂತೆ ಭಾಸವಾಗುತ್ತದೆ.

ಈ ಕಳವಳ ಮನಸ್ಸಿನಲ್ಲಿಯೇ ನಿಲ್ಲುವಂಥದಲ್ಲ. 1968ರಲ್ಲಿ ಅಮೆರಿಕದ ವೈದ್ಯರು ಹೃದ್ರೋಗಿಗಳ ಮೇಲೆ ನಡೆಸಿದ ಒಂದು ಚಿಕ್ಕ ಅಧ್ಯಯನವನ್ನು ಪ್ರಕಟಿಸಿದರು. ಥಟ್ಟನೆ ವಾರ್ಡಿಗೆ ಹೋದವರಲ್ಲಿ ಹಲವರಿಗೆ ಹೃದಯದ ತೊಂದರೆ ಮರುಕಳಿಸಿತು. ಮುಂಚಿತವಾಗಿ ಸಿದ್ಧಗೊಳಿಸಿ, ಅದೇ ವೈದ್ಯರೂ ದಾದಿಯೂ ಮುಂದೆಯೂ ನೋಡಿಕೊಂಡವರಲ್ಲಿ ಹಾಗಾಗಲಿಲ್ಲ.

ಪರಿಹಾರಕ್ಕೆ ಹೆಚ್ಚಿನ ವೆಚ್ಚವೇನೂ ಬೇಡ. ಹೊರಡುವ ಸಂಗತಿಯನ್ನು ಮುನ್ನಾದಿನವೇ ತಿಳಿಸಬೇಕು. ಯಂತ್ರಗಳನ್ನು ಒಂದೊಂದಾಗಿ ಕಳಚುತ್ತ, ‘ಇದರ ಅಗತ್ಯ ನಿಮಗಿನ್ನಿಲ್ಲ’ ಎಂದು ಹೇಳಬೇಕು. ಸಾಧ್ಯವಾದಷ್ಟೂ ಹಗಲಿನಲ್ಲಿ ಸಾಗಿಸಬೇಕು. ರಾತ್ರಿ 10ರಿಂದ ಬೆಳಗಿನ 7ರವರೆಗೆ ಇದನ್ನು ತಪ್ಪಿಸಬೇಕೆಂದು ಬ್ರಿಟನ್ನಿನ ಮಾರ್ಗಸೂಚಿ 2007ರಲ್ಲಿಯೇ ಸೂಚಿಸಿತು. ಘಟಕದ ದಾದಿ ಮರುದಿನ ವಾರ್ಡಿಗೆ ಬಂದು ಒಮ್ಮೆ ಮಾತನಾಡಿಸಿದರೂ ರೋಗಿಗೆ ಎಷ್ಟೋ ಧೈರ್ಯ.

ಮನೆಯವರ ಪಾಲೂ ಇದೆ. ಮಂಪರಿನಲ್ಲಿ ಕಳೆದ ದಿನಗಳು ರೋಗಿಯ ನೆನಪಿನಲ್ಲಿ ತುಂಡುತುಂಡಾಗಿರುತ್ತವೆ. ಇಲ್ಲದ್ದನ್ನು ಕಂಡಂತೆಯೂ ಆಗಿರಬಹುದು. ಸ್ಕ್ಯಾಂಡಿನೇವಿಯಾದ ಆಸ್ಪತ್ರೆಗಳಲ್ಲಿ ದಾದಿಯರೂ ಬಂಧುಗಳೂ ಆ ದಿನಗಳ ದಿನಚರಿ ಬರೆದಿಡುವ ಪದ್ಧತಿ ಬೆಳೆಯಿತು. ಅಂಥ ದಿನಚರಿಯನ್ನು ಪಡೆದವರಲ್ಲಿ ಆಘಾತದ ಮಾನಸಿಕ ಪರಿಣಾಮಗಳು ಕಡಿಮೆಯಾದುವೆಂದು 2010ರ ಒಂದು ಯೂರೋಪೀಯ ಅಧ್ಯಯನ ತೋರಿಸಿತು. ನಾವೂ ಒಂದು ಪುಸ್ತಕದಲ್ಲಿ ನಾಲ್ಕು ಸಾಲು ಬರೆದಿಡಬಹುದು. ‘ಗುಣವಾಯಿತಲ್ಲ, ಇನ್ನೇಕೆ ಅಂಜಿಕೆ?’ ಎಂದು ಗದರಿಸದೆ, ವಾರ್ಡಿನ ಮೊದಲ ರಾತ್ರಿ ಪರಿಚಿತರೊಬ್ಬರು ಹಾಸಿಗೆಯ ಬಳಿ ಕುಳಿತಿರಬಹುದು. ಎಚ್ಚರವಾದಾಗ ಕೈಗೆಟುಕುವಷ್ಟು ಹತ್ತಿರದಲ್ಲಿ ಒಬ್ಬರಿದ್ದರೆ, ಆ ಇರುಳು ಕಳೆಯುತ್ತದೆ.